ಒಂದೇ ಹಂದರದಲ್ಲಿ ಎರಡು ಮದುವೆ

ಅಣ್ಣಿಗೇರಿಯಿಂದ ಬಂದಿದ್ದ ಬಳೆಗಾರ ಕಾಕಾ ತೊಡಿಸಿದ ಹಸಿರು ಬಳೆಗಳು ತಂಗಿಯ ಮುಂಗೈಯಲ್ಲಿ ನಿಲ್ಲದೆ ಚಾಪೆಯ ಮೇಲೆ ಜಾರಿ ಬಿದ್ದವು. ಎಂಬತ್ತರ ದಶಕದ ಮಾತು. ಮರುದಿನ ನನ್ನ ಮದುವೆ. ಇನ್ನೊಮ್ಮೆ ಹಂದರ ಹಾಕಿ ಊರಿಗೆ ಉಣಬಡಿಸುವುದು ತನ್ನಿಂದಾಗದೆಂದು ಅಪ್ಪ, ಆರನೇ ಇಯತ್ತೆ ಓದುತ್ತಿದ್ದ ತಂಗಿಯ ಮದುವೆಯನ್ನೂ ನನ್ನದರ ಜೊತೆಗೇ ಮುಗಿಸಲು ಹೊರಟಿದ್ದ.

“ಇಷ್ಟ ಸಣ್ಣ ಕೈಗೆ ಮದುವಿ ಬಳಿ ನನ್ನ ಕಡೆ ಇಲ್ರಿ ಯಜಮಾನ್ರ. ಸಣ್ಣ ಹುಡುಗ್ಯಾರ ಬಳಿನ ಇಡಸಬೇಕು,” ಎಂದರು ಕಾಕಾ.

ಅಪ್ಪ “ಅವನ್ನ ಇಡಸ್ರಿ,” ಎಂದ. ಹೊಸ ಬಳೆಯ ಖುಷಿಗೆ ತಂಗಿ ಕೈ ಕುಣಿಸುತ್ತ ಗೆಳತಿಯರಿಗೆ ತೋರಿಸಲು ಓಡಿದಳು.

ಇಂದಿಗೂ ಯಾವ ಮದುವೆಗೆ ಹೋದರೂ, ಮದುಮಗಳ ಮುಂಗೈ ನೋಡದೆ ನಾನು ಅಕ್ಕಿಕಾಳು ಹಾಕುವುದಿಲ್ಲ.