ನೀರೊಳಗೆ ಇಳಿಯುವ ರಸ್ತೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದು ನಿಂತಿತೆಂದರೆ ಕರೆಂಟು ಹೋಗಿದೆ ಎಂದೇ ಲೆಕ್ಕ. ಆ ಸದ್ದಿನಲ್ಲೇ ನಮ್ಮ ಮನೆಯವರಿಗೆ ಐವತ್ತು ದಾಟಿತು, ಕಿವಿ ಮುಕ್ಕಾಲು ಹೋಯಿತು. ಆಮೇಲೆ ಶುಗರ್ ಬಂತು. ದಿನಾ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದರ ಜೊತೆಗೆ ಸೈಕಲ್ಲನ್ನೂ ತುಳಿಯಿರಿ ಎಂದು ಡಾಕ್ಟರು ಹೇಳಿದರು.

ಡಾಕ್ಟರೇನೋ ಹೇಳಿದರು, ತುಳಿಯುವುದು ಎಲ್ಲಿ? ಹಂಗಾಮು ಶುರುವಾದರೆ ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಬರುತ್ತವೆ. ಇವರಿಗೆ ಹಾಡೂ ಕೇಳದು, ಹಾರ್ನೂ ಕೇಳದು. ಒಂದು ಸಂಜೆ ಟ್ರೇಲರಿನಿಂದ ಹೊರಗೆ ಚಾಚಿಕೊಂಡಿದ್ದ ಕಬ್ಬು ಭುಜಕ್ಕೆ ಬಡಿದು, ಗಟಾರಕ್ಕೆ ಬಿದ್ದು, ಅಂಗಿ ಹರಿದುಕೊಂಡು ಮನೆಗೆ ಬಂದರು. ಅವತ್ತಿನಿಂದ ಗಾಡಿಗಳಿಲ್ಲದ ದಾರಿ ಹುಡುಕುವುದೇ ಅವರಿಗೊಂದು ಹುಚ್ಚಾಯಿತು.

ಒಬ್ಬರನ್ನೇ ಕಳಿಸಲು ನನಗೆ ಧೈರ್ಯವಿರಲಿಲ್ಲ. ನಾನೂ ಚೂಡಿದಾರ ಹಾಕಿಕೊಂಡು ಸೈಕಲ್ ಕಲಿತೆ. ಸಾಲಿಯ ಮೈದಾನದಲ್ಲಿ ಬೆಳಕು ಹರಿಯುವ ಮೊದಲೇ ಬಿದ್ದು ಎದ್ದು ಕಲಿತೆ. ಮೊದಮೊದಲು ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಅವರಿಗೂ ಬೇಜಾರಾಯಿತು. ರಸ್ತೆಯಲ್ಲಿ ನಾನು ಮುಂದೆ, ನಮ್ಮವರು ಹಿಂದೆ. ಯಾವುದಾದರೂ ಗಾಡಿ ಬಂದರೆ ಕೈ ಎತ್ತುವುದು ನನ್ನ ಕೆಲಸ. ಮುಧೋಳದ ಕಡೆಯ ಕಾಲುವೆ ದಂಡೆ, ತುಬಚಿಯ ಹತ್ತಿರ ಹೊಳೆಯ ಮಗ್ಗುಲಿನ ಹೊಲದ ದಾರಿ, ಹೀಗೆ ಒಂದೊಂದಾಗಿ ನೋಡಿಕೊಂಡು ಬಂದೆವು. ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಆ ದಿನಗಳು ನನಗೆ ಬಹಳ ಹಿಡಿಸಿದ್ದವು. ಅದನ್ನೂ ಹೇಳಬೇಕು.

ನನ್ನ ತಂಗಿಯನ್ನು ಬೀಳಗಿಗೆ ಕೊಟ್ಟಿದೆ. ಹೋದ ಚಳಿಗಾಲದಲ್ಲಿ ನೂಲು ತರುವ ಟೆಂಪೊದಲ್ಲಿ ಸೈಕಲ್ ಹೇರಿಕೊಂಡು ಅವಳ ಮನೆಗೆ ಹೋದೆವು. ಊಟಕ್ಕೆ ಕೂತಾಗ ತಂಗಿಯ ಗಂಡ ಒಂದು ರಸ್ತೆಯ ಸುದ್ದಿ ಹೇಳಿದ. ಗುಡ್ಡ ದಾಟಿ ಕೃಷ್ಣೆಯ ಕಡೆ ಇಳಿಯುವ ಹಳೇ ಡಾಂಬರು ರಸ್ತೆ. ಅದು ಹೋಗುತ್ತಿದ್ದ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಗಿದೆ. ಊರನ್ನು ಬೇರೆ ಕಡೆ ಕಟ್ಟಿ, ಜನರನ್ನು ಅಲ್ಲಿಗೆ ಒಯ್ದಿದ್ದಾರೆ. ರಸ್ತೆ ಮಾತ್ರ ಹಾಗೇ ಉಳಿದು, ಕೊನೆಗೆ ಸೀದಾ ನೀರೊಳಗೆ ಇಳಿಯುತ್ತದೆ.

ಅವನು ಅಂದ, "ಒಂದ ಗಾಡಿ ಬರೂದಿಲ್ರಿ ಅಲ್ಲಿ. ಯಾರ ಬರ್ತಾರ? ಹೋಗಾಕ ಊರೇ ಇಲ್ಲ."

ನಾನು ನಮ್ಮವರ ಕಿವಿಗೆ ಬಾಯಿಟ್ಟು ಮತ್ತೊಮ್ಮೆ ಹೇಳಿದೆ. ಮುಖ ಅರಳಿತು. "ನಾಳೆ ಹೋಗೂಣು," ಅಂದರು.

ಬೆಳಿಗ್ಗೆ ಸೂಜಿ ಮಾಡಿಕೊಂಡು ಒಂದು ಬಟ್ಟಲು ಉಪ್ಪಿಟ್ಟು ತಿಂದರು. ಹೊಟ್ಟೆ ತುಂಬ ತಿನ್ನುವುದು ನೀರಿನ ದಂಡೆಯ ಮೇಲೆ ಕೂತು ತಿನ್ನೋಣ ಎಂದರು. ತಂಗಿ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಕಟ್ಟಿಕೊಟ್ಟಳು. ಆ ಚೀಲವನ್ನು ಅವರ ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದೆವು.

ದಾರಿ ಛಲೋ ಇತ್ತು. ಕೆಂಪು ಕಲ್ಲಿನ ಗುಡ್ಡ, ಎರಡೂ ಕಡೆ ಜಾಲಿ, ತಿರುವಿನಲ್ಲೊಮ್ಮೆ ದೂರಕ್ಕೆ ನೀಲಿ ನೀರು. ಏರು ಮುಗಿದು ಉದ್ದನೆಯ ಇಳಿಜಾರು ಬಂದಾಗ ಅವರು ನನ್ನನ್ನು ದಾಟಿ ಮುಂದೆ ಹೋದರು. ಪೆಡಲ್ ತುಳಿಯದೆ ಕಾಲು ಚಾಚಿಕೊಂಡು, ಏನೋ ಕೂಗುತ್ತ ಹೋದರು. ಡಾಂಬರು ಕಿತ್ತುಹೋಗಿ ಕಡಿಕಲ್ಲು ಎದ್ದಿತ್ತು. ಸೈಕಲ್ಲು ಕುಣಿಯುತ್ತಿತ್ತು. ದಂಡೆ ಮುಟ್ಟಿದಾಗ ಕ್ಯಾರಿಯರಿನಲ್ಲಿ ಹಗ್ಗವಿತ್ತು, ಚೀಲವಿರಲಿಲ್ಲ.

"ಮ್ಯಾಲೆ ಎಲ್ಲರ ಬಿದ್ದಿರಬೇಕು," ಅಂದರು. "ನಡಿ, ಹುಡುಕ್ಕೋತ ಹೋಗೂಣು."

ಸೈಕಲ್ ತಳ್ಳಿಕೊಂಡು ತಿರುಗಿ ಏರತೊಡಗಿದೆವು. ಇನ್ನೂ ಎಳೆಬಿಸಿಲೇ ಇತ್ತು. ಆದರೂ ಅವರ ಬೆನ್ನಿನ ಮೇಲೆ ಅಂಗಿ ತೊಯ್ದು ಅಂಟಿಕೊಂಡದ್ದು ಕಂಡಿತು.

"ನಿಂದರ್ರಿ. ಹ್ಯಾಂಗ ಆಗಾಕತ್ತೈತಿ?" ಎಂದು ಕಿವಿಯ ಹತ್ತಿರ ಹೋಗಿ ಕೇಳಿದೆ.

"ಲಾಳಿ ತುಂಬಿಲ್ಲ," ಅಂದರು. "ಮೂರನೇ ಮಗ್ಗದ ಲಾಳಿ ಖಾಲಿ ಐತಿ, ನೋಡು."

ಶುಗರ್ ಇಳಿದರೆ ಅವರ ಮಾತು ಹೀಗೇ ಎಲ್ಲೆಲ್ಲಿಗೋ ಹೋಗುತ್ತದೆಂದು ನನಗೆ ಗೊತ್ತಿತ್ತು. ಮನೆಯಲ್ಲಾದರೆ ಒಂದು ಮುಷ್ಟಿ ಸಕ್ಕರೆ ಬಾಯಿಗೆ ಹಾಕಿದರೆ ಮುಗಿಯಿತು. ಹಿಡಿದು ಕೂರಿಸಿದೆ. ಅಂಗಿ ಜೇಬು, ಪ್ಯಾಂಟಿನ ಜೇಬು ತಡಕಿದೆ. ಅವರು ಯಾವಾಗಲೂ ಇಟ್ಟುಕೊಳ್ಳುವ ಪೆಪ್ಪರಮಿಂಟೂ ಆ ಚೀಲದಲ್ಲೇ ಇತ್ತು. ನೋಡುನೋಡುತ್ತಿದ್ದಂತೆ ಕಣ್ಣು ಮೇಲಾಗಿ ನನ್ನ ತೊಡೆಯ ಮೇಲೆ ಒರಗಿದರು.

ಕೂಗಿದೆ. ಗುಡ್ಡಕ್ಕೆ ಬಡಿದು ನನ್ನ ದನಿ ನನಗೇ ಬಂತು. ದೂರ ನೀರಿನ ನಡುವೆ ಮೀನುಗಾರರ ತೆಪ್ಪವೊಂದು ಕಾಣುತ್ತಿತ್ತು. ದುಪಟ್ಟಾ ಬಿಚ್ಚಿ ಬೀಸಿದೆ. ಅದರಲ್ಲಿದ್ದವನು ನಮ್ಮ ಕಡೆ ತಿರುಗಲೇ ಇಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಒಂದು ಗಾಡಿಯೂ ಬರಬಾರದೆಂದು ಆರಿಸಿಕೊಂಡು ಬಂದ ರಸ್ತೆಯಲ್ಲಿ ಕೂತು, ಒಂದು ಗಾಡಿ ಬರಲೆಂದು ದೇವರಿಗೆ ಹರಕೆ ಹೊತ್ತೆ.

ಅವರನ್ನು ಎಳೆದು ಜಾಲಿಯ ನೆರಳಿಗೆ ತಂದೆ. ಮಗ್ಗುಲಾಗಿ ಮಲಗಿಸಿ ತಲೆಯ ಕೆಳಗೆ ದುಪಟ್ಟಾ ಮಡಚಿಟ್ಟೆ. ಬಿಟ್ಟು ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಇಲ್ಲೇ ಕೂತರೆ ನನ್ನ ಕಣ್ಣೆದುರೇ ಹೋಗುತ್ತಾರೆ. ಹೋದರೆ, ನಾನು ಬರುವಷ್ಟರಲ್ಲಿ ಹೋಗಿರುತ್ತಾರೆ. ಎರಡು ಸಲ ಸೈಕಲ್ ಹತ್ತಿ ಎರಡು ಸಲವೂ ಇಳಿದೆ. ಮೂರನೆಯ ಸಲ ಹಿಂದೆ ನೋಡದೆ ತುಳಿದೆ.

ಏರಿನುದ್ದಕ್ಕೂ ಚೀಲ ಹುಡುಕುತ್ತ ಹೋದೆ. ಸಿಗಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಬಂದಾಗ ಫೋನ್ ಹತ್ತಿತು. ತಂಗಿಯ ಗಂಡ ಎತ್ತಿದ. ಒಂದೇ ಉಸಿರಿಗೆ ಮುಳುಗಿದ ಊರಿನ ಹೆಸರು ಹೇಳಿದೆ. "ಲಗೂ ಬಾರಪ್ಪಾ, ಎಚ್ಚರಾ ತಪ್ಪ್ಯಾರ" ಅಂದೆ. "ಬಂದೇ ಅಕ್ಕಾರ" ಅಂದ. ಅಷ್ಟರಲ್ಲಿ ಲೈನು ಕಡಿಯಿತು, ಮತ್ತೆ ಹತ್ತಲಿಲ್ಲ. ಹೊಸ ಊರಿಗೂ ಹಳೇ ಊರಿನದೇ ಹೆಸರು. ಹಳೇ ರಸ್ತೆಯಲ್ಲಿ ಫೋನ್ ಹತ್ತುವುದಿಲ್ಲ, ಫೋನ್ ಬಂತೆಂದರೆ ಹೊಸ ಊರು ಮುಟ್ಟಿದ್ದಾರೆ ಎಂದುಕೊಂಡು ಅವನು ಕಾರು ತೆಗೆದುಕೊಂಡು ಅಲ್ಲಿಗೆ ಹೋಗಿ, ಮನೆಮನೆ ಕೇಳುತ್ತ ತಿರುಗಿದನೆಂದು ಆಮೇಲೆ ತಿಳಿಯಿತು.

ನೆತ್ತಿಯಿಂದ ಕೆಳಗೆ ಒಂದು ಹಸಿರು ಪಟ್ಟಿ ಕಂಡಿತು. ಕಬ್ಬು ಅಂದುಕೊಂಡೆ. ಜೀವ ಬಂದಂತಾಯಿತು. ಸೈಕಲ್ ಒಗೆದು, ಮುಳ್ಳಿನ ಬೇಲಿ ದಾಟಿ ಓಡಿದೆ. ಹತ್ತಿರ ಹೋದರೆ ಜೋಳ. ನನ್ನ ಎತ್ತರಕ್ಕೆ ಬೆಳೆದ ಬಿಳಿಜೋಳ. ಒಂದು ದಂಟು ಮುರಿದು ಅಗಿದೆ. ಸಪ್ಪಗಿತ್ತು. ಅಲ್ಲೇ ಹೊಲದಲ್ಲಿ ಕುಕ್ಕರಿಸಿ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಎತ್ತ ನೋಡಿದರೂ ಕಬ್ಬು ಕಂಡವಳು ನಾನು. ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬನ್ನು ನಮ್ಮ ಕಡೆ ದನವೂ ಮೂಸುವುದಿಲ್ಲ. ಇವತ್ತು ಒಂದು ಗಣಿಕೆ ಕಬ್ಬು ಸಿಗದೆ ನನ್ನ ಗಂಡ ಸಾಯುತ್ತಾನೆ ಅನ್ನಿಸಿತು. ಅಳು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತೇನೋ.

ಎಲ್ಲೋ ಪಂಪ್‌ಸೆಟ್ಟಿನ ಸದ್ದು ಕೇಳಿದಂತಾಯಿತು. ನೀರೆತ್ತುವ ಕಡೆ ಕಬ್ಬು ಇದ್ದೇ ಇರುತ್ತದೆ. ಜೋಳದ ಸಾಲುಗಳ ನಡುವೆಯೇ ಆ ಸದ್ದಿನ ಕಡೆ ನುಗ್ಗಿದೆ. ಹೊಲದಾಚೆ ಒಂದು ಹಳ್ಳ, ಹಳ್ಳ ದಾಟಿದರೆ ಕಬ್ಬು. ಮನುಷ್ಯರು ಮಾತ್ರ ಯಾರೂ ಇರಲಿಲ್ಲ. ಮೋಟರು ತಾನೇ ಓಡುತ್ತಿತ್ತು. ಕುಡಗೋಲಿಲ್ಲದೆ ಕಬ್ಬು ಮುರಿಯುವುದು ಸುಲಭವಲ್ಲ. ಕಾಲಿನಿಂದ ತುಳಿದು, ತಿರುಚಿ, ಕೈಗೆ ಬಂದಷ್ಟು ಕಿತ್ತೆ. ರವುದಿಯ ಒಣಗರಿ ಕೊಯ್ದು ಅಂಗೈ ತುಂಬ ರಕ್ತವಾಗಿತ್ತು. ಅದು ಗೊತ್ತಾಗಿದ್ದು ಆಮೇಲೆ, ಹ್ಯಾಂಡಲ್ ಜಾರತೊಡಗಿದಾಗ.

ತಿರುಗಿ ಹೋದಾಗ ಅವರು ಮಲಗಿಸಿದ ಹಾಗೇ ಇದ್ದರು. ಬಾಯಿಯ ಮೂಲೆಯಲ್ಲಿ ಇರುವೆ ಹರಿಯುತ್ತಿದ್ದವು. ಸತ್ತೇ ಹೋದರು ಅಂದುಕೊಂಡೆ. ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಉಸಿರಿತ್ತು.

ಎಚ್ಚರ ತಪ್ಪಿದವರಿಗೆ ಕುಡಿಸಬೇಡಿ, ಶ್ವಾಸಕ್ಕೆ ಹತ್ತುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಹಲ್ಲಿನಿಂದ ಸಿಪ್ಪೆ ಸೀಳಿ, ಕಬ್ಬು ಅಗಿದು, ರಸವನ್ನು ಬೆರಳಿಗೆ ಉಗುಳಿಕೊಂಡು ಅವರ ವಸಡಿಗೆ ತಿಕ್ಕಿದೆ. ಮತ್ತೆ ಅಗಿದೆ, ಮತ್ತೆ ತಿಕ್ಕಿದೆ. ನನ್ನ ತುಟಿ ಒಡೆಯಿತು, ದವಡೆ ಸೋತಿತು. ಅವರ ಹೆಸರು ಹಿಡಿದು ಕರೆದೆ. ಮದುವೆಯಾದಂದಿನಿಂದ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಬೈದೆ ಕೂಡ. ಯಾವ ಬೈಗಳಕ್ಕೂ ಅವರು ಕದಲಲಿಲ್ಲ. ಸೂರ್ಯ ನೆತ್ತಿಗೆ ಬಂದ. ನೆರಳು ಸರಿದಂತೆ ಅವರನ್ನೂ ಸರಿಸಿದೆ.

ಎಷ್ಟು ಹೊತ್ತಿನ ಮೇಲೋ, ನನ್ನ ಬೆರಳನ್ನು ಅವರು ಕೂಸಿನ ಹಾಗೆ ಚೀಪಿದರು. ನುಂಗುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಹನಿಹನಿಯಾಗಿ ಹಿಂಡಿದೆ. ಕಣ್ಣು ತೆರೆದರು. ಆದರೆ ನನ್ನ ಗುರುತು ಹತ್ತಿದಂತೆ ಕಾಣಲಿಲ್ಲ. ಆಗಲೇ ನನಗೆ ಅಳು ಬಂದದ್ದು.

ಹೊಸ ಊರಿನಲ್ಲಿ ಒಬ್ಬ ಮುದುಕ ತಂಗಿಯ ಗಂಡನಿಗೆ "ಇಲ್ಲಿ ಯಾರೂ ಬಂದಿಲ್ರಿ, ಹಳೇ ಊರಿನ ಹಾದ್ಯಾಗ ನೋಡ್ರಿ" ಎಂದನಂತೆ. ಅವನ ಕಾರು ಆ ಇಳಿಜಾರಿನಲ್ಲಿ ಧೂಳೆಬ್ಬಿಸಿಕೊಂಡು ಬರುವಾಗ ಮಧ್ಯಾಹ್ನ ಇಳಿಯುತ್ತಿತ್ತು.

ಜಮಖಂಡಿಯ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಜೀವ ಉಳಿಯಿತು. ಮಾತು ಸ್ವಲ್ಪ ನಿಧಾನವಾಗಿದೆ. ಮಗ್ಗದಲ್ಲಿ ಕಡಿದ ಎಳೆ ಜೋಡಿಸುವಾಗ ಬೆರಳು ನಡುಗುತ್ತವೆ. ರಾತ್ರಿ ಅವರು ಮಲಗಿದ ಮೇಲೆ ನಾನು ಬೆನ್ನು ಮುಟ್ಟಿ ನೋಡುತ್ತೇನೆ, ಬೆವರಿದೆಯೋ ಏನೋ ಎಂದು. ನಿದ್ದೆ ಅನ್ನುವುದು ನನ್ನಿಂದ ಹೋದಂತೆಯೇ.

ಯುಗಾದಿಯ ಆಸುಪಾಸು, ಒಂದು ದಿನ ಕರೆಂಟು ಹೋಗಿ ಓಣಿಯೆಲ್ಲ ಸುಮ್ಮನಾಗಿತ್ತು. ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅವರು ಕಟ್ಟೆಯ ಮೇಲೆ ಕೂತವರು ಇದ್ದಕ್ಕಿದ್ದಂತೆ ಅಂದರು:

"ಅವತ್ತ ನೀ ಏರ ಹತ್ತಿ ಹೋಗೂದು ಕಾಣಸ್ತಿತ್ತು ನನಗ."

ನಾನು ಕೈ ನಿಲ್ಲಿಸಿದೆ.

"ಕರದೆ. ಹೋಗಬ್ಯಾಡ ಅಂದೆ. ಬಾಯಿಂದ ದನೀನ ಹೊರಡಲಿಲ್ಲ."

ನಾನು ಹೋಗದಿದ್ದರೆ ಏನಾಗುತ್ತಿತ್ತೆಂದು ಹೇಳಬಹುದಿತ್ತು. ಹೇಳಿದರೆ ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಬೇಕು, ಓಣಿಯೆಲ್ಲ ಕೇಳುತ್ತದೆ. ಎದ್ದು ಹೋಗಿ ಮಗ್ಗುಲಿಗೆ ಕೂತೆ. ಅವರ ಕೈ ತಣ್ಣಗಿತ್ತು. ಕರೆಂಟು ಬರುವವರೆಗೂ ಹಿಡಿದುಕೊಂಡೇ ಇದ್ದೆ.