ಗೋಡೆ ಬುಡದ ಎರಡು ಸಸಿ

ಟಪ್, ಟಪ್, ಟಪ್. ಬೆಳಗಾಗುತ್ತಲೇ ಪಕ್ಕದ ಮನೆಯ ಬೆಲ್ಗಾಸಿಮ್ ಸುತ್ತಿಗೆಯ ಹಿಡಿಯಿಂದ ನಡುಗೋಡೆಯನ್ನು ತಟ್ಟುತ್ತಿದ್ದ. ಪ್ರತಿ ಪೆಟ್ಟಿಗೂ ಹಳದಿ ಇಟ್ಟಿಗೆಯ ಪುಡಿ ಜಾಝಿಯಾಳ ಅಂಗಳಕ್ಕೆ ಉದುರುತ್ತಿತ್ತು.

"ಅಕ್ಕಾ, ಒಳಗೆಲ್ಲ ಟೊಳ್ಳು ಇದು. ಕೆಡವಿ ಕಟ್ಟೋಕೆ ಶನಿವಾರ ಮೇಸ್ತ್ರಿ ಬರ್ತಾನೆ. ನಿನ್ನ ಕಡೆ ಬುಡದಲ್ಲಿರೋ ಗಿಡ ಕಿತ್ತುಬಿಡು," ಎಂದ ಆಚೆಯಿಂದ.

"ಶನಿವಾರ ತಾನೆ? ಅಲ್ಲೀವರೆಗೆ ತಟ್ಟಬೇಡ. ಗೋಡೆಗೂ ತಲೆನೋವು ಬರುತ್ತೆ."

ನಮ್ಮ ನೆಫ್ತಾ ಊರಿನಲ್ಲಿ ಜಾಝಿಯಾಳನ್ನು ಅರಿಯದವರಿಲ್ಲ. ಖರ್ಜೂರ ವಿಂಗಡಿಸುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಕೂತವಳು. ವಸಂತದಲ್ಲಿ ತೋಟಕ್ಕೆಂದು ಖರ್ಜೂರದ ಕಂದು ಕೊಳ್ಳುವವರು ಮೊದಲು ಅವಳನ್ನು ಸಂತೆಗೆ ಕರೆದೊಯ್ಯುತ್ತಾರೆ. ಗರಿಯ ಮೇಲೆ ಹೆಬ್ಬೆರಳು ಎಳೆದು, ಇದು ದೆಗ್ಲತ್ ನೂರ್ ತಳಿ, ಇದು ಅಲ್ಲೀಗ್ ತಳಿ, ಇದನ್ನು ಮಾರುವವನು ಕಳ್ಳ ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ಒಮ್ಮೆಯೂ ತಪ್ಪಿಲ್ಲ. ಆ ಸಂಗತಿಯನ್ನು ಬೇರೆಯವರು ಹೇಳಲಿ ಎಂದು ಕಾಯುವವಳೂ ಅಲ್ಲ.

ಅಂಥವಳು ತನ್ನ ಗೋಡೆ ಬುಡದ ಎರಡು ಸಸಿಗಳ ಮುಂದೆ ಮೂಕಿಯಾಗಿದ್ದಳು. ನಮ್ಮಲ್ಲಿ ಬೀಜ ಬಿತ್ತಿ ಖರ್ಜೂರ ಬೆಳೆಸುವ ರೂಢಿಯಿಲ್ಲ. ತಾಯಿಮರದ ಬುಡದಿಂದ ಬಿಡಿಸಿದ ಕಂದನ್ನೇ ನೆಡುತ್ತೇವೆ. ಬೀಜದಿಂದ ಎದ್ದದ್ದು ಅಪ್ಪ ಯಾರೋ ಗೊತ್ತಿಲ್ಲದ್ದು. ಕಂಡ ಕೂಡಲೇ ಕಳೆಯಂತೆ ಕೀಳುತ್ತೇವೆ. ಕೀಳುವ ಗಿಡದ ಮುಖವನ್ನು ಯಾರು ನೋಡುತ್ತಾರೆ?

ಜಾಝಿಯಾಳೂ ಕಿತ್ತವಳೇ. ಗಂಡ ಅಮ್ಮಾರ್ ಸಂಜೆಯ ಚಹಾದ ಜೊತೆ ಖರ್ಜೂರ ತಿಂದು ಬೀಜವನ್ನು ಗೋಡೆ ಬುಡಕ್ಕೆ ಉಗಿಯುತ್ತಿದ್ದ. ಅವಳು ಬೈಯುತ್ತಿದ್ದಳು. ವಸಂತದಲ್ಲಿ ಮೊಳೆತದ್ದನ್ನೆಲ್ಲ ಕಿತ್ತು ಇನ್ನೊಮ್ಮೆ ಬೈಯುತ್ತಿದ್ದಳು. ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಅಮ್ಮಾರ್ ತೀರಿಕೊಂಡ. ಆ ವಸಂತದಲ್ಲಿ ಅವಳು ಕೀಳಲಿಲ್ಲ.

ಮೂರು ಎದ್ದವು. ಒಂದು, ಎರಡನೇ ವರ್ಷಕ್ಕೆ ಖರ್ಜೂರದ ಗರಿಯ ಹಾಗಲ್ಲದೆ ಬೀಸಣಿಗೆಯ ಹಾಗೆ ಎಲೆ ಬಿಚ್ಚಿತು. "ಇದು ಅವನ ಬಾಯಿಂದ ಬಿದ್ದದ್ದಲ್ಲ," ಎಂದು ಮೇಕೆಗೆ ಕೊಟ್ಟಳು. ಉಳಿದೆರಡು ಅವಳಿಗಳಂತಿದ್ದವು. ಒಂದು ಅಮ್ಮಾರನದು, ಇನ್ನೊಂದು ದೊಡ್ಡ ಬೀದಿಯ ಮರದ ಹಣ್ಣು ತಿಂದ ಯಾವುದೋ ಹಕ್ಕಿಯದು ಇರಬೇಕೆಂದು ಅವಳ ಎಣಿಕೆ. ಅಂಗಳದಲ್ಲಿ ಅಡುಗೆಮನೆಯ ನೀರು ಹರಿಯುವ ಕಡೆ ಒಂದೇ ಒಂದು ಗಿಡಕ್ಕೆ ಜಾಗವಿತ್ತು. ಹೆಬ್ಬೆರಳು ಎಳೆದು ನೋಡಿದಳು. ಕೂತು ನೋಡಿದಳು, ನಿಂತು ನೋಡಿದಳು. ಯಾರೂ ಇಲ್ಲದಾಗ "ಅಮ್ಮಾರ್" ಎಂದು ಕರೆದೂ ನೋಡಿದಳು. ಎರಡೂ ಅಲ್ಲಾಡಲಿಲ್ಲ.

ಊರಿನಲ್ಲಿ ಬೀಜದಿಂದ ಸಸಿ ಮಾಡುವವನು ಒಬ್ಬನೇ: ಪುರಸಭೆಯ ಮಾಲಿ ಮೊಂಜಿ. ದೊಡ್ಡ ಬೀದಿಯ ಬದಿಯಲ್ಲಿರುವ, ಖರ್ಜೂರವನ್ನೇ ಹೋಲುವ ದಪ್ಪ ಬೊಡ್ಡೆಯ ಅಲಂಕಾರದ ಮರಗಳು ಅವನವು. ಅವುಗಳ ಹಣ್ಣಿಗೆ ನಮ್ಮಲ್ಲಿ ಬೆಲೆಯಿಲ್ಲ. ಹಾಗಾಗಿ ಇಪ್ಪತ್ತು ವರ್ಷದಿಂದ ಜಾಝಿಯಾ ಆ ದಾರಿಯಲ್ಲಿ ಹೋದಾಗಲೆಲ್ಲ, "ಮೊಂಜಿ, ನಿನ್ನ ಗೊಡ್ಡು ಹಸುಗಳು ಹೇಗಿವೆ?" ಎಂದು ವಿಚಾರಿಸಿಕೊಂಡೇ ಮುಂದೆ ಸಾಗುತ್ತಿದ್ದಳು.

ಗುರುವಾರ ಅವಳು ಅವನ ಮುಂದೆ ನಿಂತಳು.

"ಮನೆ ಕಡೆ ಸ್ವಲ್ಪ ಬಾ."

"ಯಾಕೆ, ಹಾವು ಬಂದಿದೆಯಾ?"

"ಒಂದು ಗಿಡ ನೋಡ್ಬೇಕಿತ್ತು."

ಮೊಂಜಿ ನಲ್ಲಿ ನಿಲ್ಲಿಸಿದ. "ನೀರಿನ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ ಅಕ್ಕಾ. ಇನ್ನೊಂದ್ಸಲ ಹೇಳು."

"ಕೇಳಿಸಿದೆ ನಿನಗೆ. ನಡಿ."

ಅಂಗಳದಲ್ಲಿ ಮೊಂಜಿ ಅವಸರ ಮಾಡಲಿಲ್ಲ. ಚಹಾ ಕೇಳಿದ. ಕುಡಿದ. ಎರಡನೇ ಲೋಟ ಕೇಳಿದ. ಆಮೇಲೆ ಕುಕ್ಕರಗಾಲಲ್ಲಿ ಕೂತ.

"ಇದರ ಬಣ್ಣ ನೋಡು, ಬೂದಿ ಸವರಿದ ಹಾಗಿದೆ. ಎಲೆ ವಿರಳ, ಗಡುಸು. ಒಂದೊಂದೂ ಒಂದೊಂದು ಕಡೆ ತಿರುಗಿದೆ, ಮುನಿಸಿಕೊಂಡ ನೆಂಟರ ಹಾಗೆ. ಇದು ಖರ್ಜೂರ. ಅದು ನೋಡು, ಹಚ್ಚ ಹಸಿರು, ಒತ್ತೊತ್ತಾಗಿ ಬಾಚಣಿಗೆ ಹಲ್ಲಿನ ಹಾಗೆ ಸಾಲು ಕಟ್ಟಿದೆ. ಅದು ನನ್ನ ಬೀದಿಯ ಮಗು. ಬುಡದಲ್ಲಿ ಯಾವತ್ತೂ ಕಂದು ಹಾಕಲ್ಲ. ಬೆಳೆದ ಮೇಲೆ ಅದರ ಸೊಂಟ ನಿನ್ನ ಸೊಂಟಕ್ಕಿಂತ..."

"ಸಾಕು." ಜಾಝಿಯಾ ಬೂದು ಸಸಿಯನ್ನು ಮುಟ್ಟಿದಳು. "ಹಾಗಾದ್ರೆ ಅಮ್ಮಾರ್ ಉಗಿದಿದ್ದು ಇದು."

ಮೊಂಜಿ ಲೋಟ ಕೆಳಗಿಟ್ಟ. "ಅಮ್ಮಾರಣ್ಣ ಉಗಿದಿದ್ದಾ? ಹಾಗಾದ್ರೆ ಹೇಳೋದು ಕಷ್ಟ."

"ಈಗ ತಾನೆ ಹೇಳಿದೆಯಲ್ಲ."

"ಗಿಡ ಯಾವುದು ಅಂತ ಹೇಳಿದೆ. ಬಾಯಿ ಯಾರದು ಅಂತ ಹೇಳ್ಲಿಲ್ಲ." ಅವನು ತಲೆ ಕೆರೆದುಕೊಂಡ. "ಅಣ್ಣ ದಿನಾ ಮಧ್ಯಾಹ್ನ ನನ್ನ ಬೆಂಚಿಗೆ ಬರ್ತಿದ್ದ. ನನ್ನ ಮರದ ಹಣ್ಣು ಆಯ್ಕೊಂಡು ತಿಂತಿದ್ದ. ಜೇಬಿಗೂ ತುಂಬ್ಕೊಳ್ತಿದ್ದ."

"ಆ ಹಣ್ಣಲ್ಲಿ ಬೀಜದ ಮೇಲೆ ಸಿಪ್ಪೆ ಬಿಟ್ರೆ ಏನಿದೆ?"

"ನಾನೂ ಕೇಳಿದ್ದೆ. ಮನೇಲಿ ಒಂದು ಹಣ್ಣು ಬಾಯಿಗೆ ಹಾಕ್ಕೊಂಡ್ರೆ ಅದರ ವಂಶಾವಳಿ ಪೂರ್ತಿ ಕೇಳ್ಬೇಕು, ಇಲ್ಲಿ ಸುಮ್ನೆ ತಿನ್ನಬಹುದು ಅಂದ."

ಜಾಝಿಯಾ ಬೂದು ಸಸಿಯಿಂದ ಕೈ ತೆಗೆದಳು.

"ಎಷ್ಟು ವರ್ಷ?"

"ಹನ್ನೆರಡು ಇರಬಹುದು."

ಅವಳ ಹೆಗಲು ಅಲುಗಿತು. ಅತ್ತಳೇನೋ ಎಂದು ಮೊಂಜಿ ಗಾಬರಿಯಾದ. ಅವಳು ನಗುತ್ತಿದ್ದಳು, ಕಣ್ಣು ಒರೆಸಲು ತಲೆವಸ್ತ್ರದ ಅಂಚು ಸಾಲದಷ್ಟು ನಗುತ್ತಿದ್ದಳು. ಹನ್ನೆರಡು ವರ್ಷ ಬೀದಿಮರದ ಹಣ್ಣನ್ನು ಜೇಬಿನಲ್ಲಿ ಬಚ್ಚಿಟ್ಟು ತಂದು, ಅದರ ಬೀಜವನ್ನೂ ಅದೇ ಗೋಡೆ ಬುಡಕ್ಕೆ ಉಗಿದ ಗಂಡ. ಅವಳ ಹೆಬ್ಬೆರಳಿಗೆ ಒಮ್ಮೆಯೂ ಸಿಗದವನು.

ನಗು ನಿಂತ ಮೇಲೆ ಸನಿಕೆ ತಂದಳು. ಬೂದು ಸಸಿಯನ್ನು ಮಣ್ಣಿನ ಹೆಂಟೆಯೊಡನೆ ಎತ್ತಿ ಅಡುಗೆಮನೆಯ ನೀರಿನ ಬದಿಗೆ ಇಳಿಸಿದಳು. ಹಸಿರು ಸಸಿಯನ್ನು ಎಣ್ಣೆಯ ಖಾಲಿ ಡಬ್ಬಕ್ಕೆ ಹಾಕಿದಳು.

"ಅದಕ್ಕೆಲ್ಲಿ ಜಾಗ?"

"ನಿನ್ನ ಬೆಂಚಿನ ಪಕ್ಕ."

"ಅದು ಪುರಸಭೆ ಜಾಗ ಅಕ್ಕಾ, ನಾನು ಹೂಂ ಅನ್ಬೇಕು. ಅನ್ನೋದಕ್ಕೆ ಮೂರು ಷರತ್ತಿದೆ. ಒಂದು, ವಾರಕ್ಕೆ ಎರಡು ಸಲ ನೀನೇ ಬಂದು ನೀರು ಹಾಕ್ಬೇಕು. ಎರಡು, ಬೆಂಚಲ್ಲಿ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕೋ ಹಾಗಿಲ್ಲ. ಮೂರನೇದು ಮುಖ್ಯ, ಸರಿಯಾಗಿ ಕೇಳಿಸ್ಕೋ..."

ಜಾಝಿಯಾ ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಆಗಲೇ ಹೊಸ್ತಿಲು ದಾಟಿ ದೊಡ್ಡ ಬೀದಿಯ ಕಡೆ ಹೊರಟಿದ್ದಳು.