ಭೂಗೋಳದ ಪುಸ್ತಕದಿಂದ ಎದ್ದುಬಂದ ಭಾಜಿಗಳು

ಕಾಶ್ಮೀರದವರು ಪಲ್ಯಕ್ಕೆ ಬಾಳೆಹಣ್ಣು ಹಾಕುತ್ತಾರೆಂದು ಇವತ್ತಿಗೂ ನಂಬಿರುವ ನಾಲ್ಕು ಜನ ಸೇಡಂನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಆ ತಪ್ಪು ನನ್ನದು.

ತೊಂಬತ್ತರ ದಶಕದ ಕೊನೆಗೆ ನಾನು ಸೇಡಂನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರನಾಗಿದ್ದೆ. ಮನೆ ಚಿತ್ತಾಪುರದಲ್ಲಿ. ಅಲ್ಲಿ ಅಪ್ಪ ಮಾಸ್ತರ, ದೊಡ್ಡಪ್ಪ ಮಾಸ್ತರ, ಸೋದರಮಾವ ಗುಡಿಯ ಅರ್ಚಕ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಮ್ಮ ಹೊಸ್ತಿಲು ದಾಟಿದ್ದೇ ಇಲ್ಲ. ಸೇಡಂನಲ್ಲಿ ಬಾಡಿಗೆ ಕೋಣೆ ಹಿಡಿದ ಮೊದಲ ವಾರದಲ್ಲೇ ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಹೋಟೆಲಿನಲ್ಲಿ ಎರಡನ್ನೂ ತಿಂದು ಬಾಯಿ ಚಪ್ಪರಿಸಿದೆ. ಮನೆಗೆ ಬರೆದ ಪತ್ರದಲ್ಲಿ ಮಾತ್ರ ಸ್ವಯಂಪಾಕ ಮಾಡುತ್ತಿದ್ದೇನೆ ಎಂದು ಬರೆದೆ.

ಹೋಟೆಲಿನ ಸಾವ್ಕಾರ ಶಹಾಬಾದಿನವನು. ಮೊದಲು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದ. ಮಾರಾಟವಾಗದೆ ಉಳಿದ ಕಲ್ಲುಗಳೇ ಹೋಟೆಲಿನ ಟೇಬಲ್ಲುಗಳಾಗಿದ್ದವು. ಅಡಿಗೆಯವನು ಕಾಳಗಿ ಕಡೆಯ ಒಂದು ಹಳ್ಳಿಯವನು, ಐವತ್ತು ದಾಟಿದ ಮನುಷ್ಯ. ನಾನು ಅವನನ್ನು ಕಾಕಾ ಅನ್ನುತ್ತಿದ್ದೆ. ಮೊಣಕಾಲು ನೋವಿನಿಂದ ಹೊಲದ ಕೂಲಿ ಬಿಟ್ಟು ಒಲೆಯ ಮುಂದೆ ನಿಂತವನು. ಅವನ ಕೈಯ ಬಿಸಿ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಉಂಡು ನಾನು ಆರು ತಿಂಗಳಲ್ಲಿ ಪ್ಯಾಂಟಿನ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಬೇಕಾಯಿತು.

ಆದರೆ ಸಾವ್ಕಾರನಿಗೆ ಸಮಾಧಾನವಿರಲಿಲ್ಲ. ಸುತ್ತ ಸಿಮೆಂಟ್ ಕಾರ್ಖಾನೆಗಳು, ಅಲ್ಲಿ ಎಲ್ಲ ರಾಜ್ಯದ ಸಾಹೇಬರು. ಕಾರಿನಲ್ಲಿ ಕುಟುಂಬ ಸಮೇತ ಬಂದು, "ಪಂಜಾಬಿ ಏನಿದೆ?" ಎಂದು ಹಿಂದಿಯಲ್ಲಿ ಕೇಳಿ, ಪುಂಡಿಪಲ್ಯದ ಹೆಸರು ಕೇಳುತ್ತಲೇ ಕಾರು ತಿರುಗಿಸುತ್ತಿದ್ದರು. ಒಂದು ದಿನ ಸಾವ್ಕಾರ ಗೋಡೆಯುದ್ದದ ಕರಿ ಹಲಗೆಯನ್ನು ತಂದು ನನ್ನೆದುರಿಗೆ ನಿಲ್ಲಿಸಿದ.

"ಸರ್, ನೀವು ಇಡೀ ದೇಶದ ಪಾಠ ಮಾಡ್ತೀರಿ. ಯಾವ ರಾಜ್ಯದಾಗ ಏನ್ ಉಣ್ತಾರ, ನಿಮಗ ಗೊತ್ತಿರ್ತದ. ಬರೀರಿ," ಎಂದ.

ಗೊತ್ತಿಲ್ಲ ಅನ್ನಬಹುದಿತ್ತು. ಚಿತ್ತಾಪುರದ ಆಚೆ ನಾನು ನೋಡಿದ್ದು ಕಲಬುರಗಿ, ವಾಡಿ ಜಂಕ್ಷನ್ನು, ಮತ್ತು ವಾಡಿಯಿಂದ ರೈಲು ಹತ್ತಿ ಹೋದ ಒಂದು ತಿರುಪತಿ. ಆದರೂ ಕೋಣೆಗೆ ಹೋಗಿ ಎಂಟನೆಯ ತರಗತಿಯ ಭೂಗೋಳದ ಪುಸ್ತಕ ತಂದೆ. ಮುಖ್ಯ ಬೆಳೆಗಳು ಎಂಬ ಪಾಠ ತೆಗೆದು ಅಡಿಗೆಮನೆಯಲ್ಲಿ ಕುಳಿತೆ.

ಪಂಜಾಬಿನಲ್ಲಿ ಹೈನುಗಾರಿಕೆ ಹೆಚ್ಚು, ಆದ್ದರಿಂದ ಮೇಲೆ ಹಾಲಿನ ಕೆನೆ. ಕೇರಳ ಅಂದರೆ ತೆಂಗು. ರಾಜಸ್ಥಾನ ಮರುಭೂಮಿ, ಹಾಗಾಗಿ ಹಪ್ಪಳ ಕರಿದು ಪುಡಿ ಮಾಡಿ ಮರಳಿನಂತೆ ಉದುರಿಸುವುದು. ಕಾಶ್ಮೀರಕ್ಕೆ ಸೇಬು ಬೇಕು. ಸೇಡಂನ ಸಂತೆಯಲ್ಲಿ ಸೇಬಿನ ರೇಟು ಕೇಳಿ ಸಾವ್ಕಾರ ಮುಖ ಹುಳ್ಳಗೆ ಮಾಡಿದ್ದರಿಂದ ಬಾಳೆಹಣ್ಣಿಗೆ ಇಳಿದೆವು. ಅಸ್ಸಾಮಿಗೆ ಎರಡು ಚಮಚ ಚಹದ ಡಿಕಾಕ್ಷನ್. ಪಶ್ಚಿಮ ಬಂಗಾಳಕ್ಕೆ ಬಂದಾಗ ಸೆಣಬು ಎಂದು ಓದಿದೆ.

"ಸೆಣಬಂದ್ರ ನಾರಲ್ರಿ ಸರ್? ನಮ್ ಪುಂಡಿ ಕಟ್ಟಿಗಿಂದನೂ ನಾರ್ ತೆಗೀತಾರ. ಹಂಗಾದ್ರ ಪುಂಡಿಪಲ್ಯಾನೇ ಬಂಗಾಳ ಅಂತ ಬರೀರಲ್ಲ," ಎಂದ ಕಾಕಾ.

"ಭೂಗೋಳದೊಳಗ ಹಂಗ ಮನಸ್ಸಿಗೆ ಬಂದಂಗ ಮಾಡಲಿಕ್ಕೆ ಬರೂದಿಲ್ಲ ಕಾಕಾ," ಎಂದು ಅವನನ್ನು ಗದರಿದೆ. ಬಂಗಾಳವನ್ನೇ ಕೈಬಿಟ್ಟೆ. ಮನೆಯಲ್ಲಿ ಸಿಗುವುದನ್ನು ಉಣ್ಣಲು ಹೋಟೆಲಿಗೆ ಯಾರು ಬರುತ್ತಾರೆ ಎಂದು ಪುಂಡಿಪಲ್ಯ ಮಾರುವುದನ್ನೇ ನಿಲ್ಲಿಸಿದವನೂ ನಾನೇ. ರೊಟ್ಟಿಯ ಜಾಗದಲ್ಲಿ ತಂದೂರಿ ಬಂತು. ಕಾಕಾ ತಾನು ಉಣ್ಣುವುದಕ್ಕೆ ಮಾತ್ರ ಮೂಲೆಯ ಒಲೆಯ ಮೇಲೆ ಹಳೆಯ ಅಡಿಗೆ ಮಾಡಿಕೊಳ್ಳುತ್ತಿದ್ದ.

ಬೆಳಗ್ಗೆ ಅವನು ಉಳ್ಳಾಗಡ್ಡಿ, ಟೊಮ್ಯಾಟೊ, ಶೇಂಗಾ, ಎಳ್ಳು, ಒಣಕೊಬ್ಬರಿ ಅರೆದು ಒಂದು ದೊಡ್ಡ ಬೋಗಾಣಿ ತುಂಬ ಕೆಂಪು ರಸ ಕುದಿಸಿಡುತ್ತಿದ್ದ. ಇಡೀ ಭಾರತ ಹುಟ್ಟುತ್ತಿದ್ದುದು ಅದರಿಂದಲೇ.

"ಎಲ್ಲಾ ಒಂದೇ ಬೋಗಾಣ್ಯಾಗಿಂದರಿ ಸರ್. ಮ್ಯಾಲಿನ ಟೊಪ್ಪಿಗಿ ಅಷ್ಟೇ ಬ್ಯಾರೆ," ಎನ್ನುತ್ತಿದ್ದ.

ಕಾರಿನ ಸಾಹೇಬರು ಒಮ್ಮೆ ಬಂದವರು ಮತ್ತೆ ಬರಲಿಲ್ಲ, ಆದರೆ ನಮ್ಮ ಕಡೆಯ ಜನ ಮುಗಿಬಿದ್ದರು. ಚಿಂಚೋಳಿಯಿಂದ ಕಚೇರಿ ಕೆಲಸಕ್ಕೆ ಬರುತ್ತಿದ್ದ ಗುಮಾಸ್ತನೊಬ್ಬ ಅಸ್ಸಾಮ್ ಉಂಡರೆ ಮಧ್ಯಾಹ್ನ ತೂಕಡಿಕೆ ಬರುವುದಿಲ್ಲ ಎಂದು ಸರ್ಟಿಫಿಕೇಟು ಕೊಟ್ಟ. ವಾಡಿಯ ರೈಲ್ವೆಯವನೊಬ್ಬ ಕಾಶ್ಮೀರಿ ತಿಂದು, "ಥೇಟ್ ಅಲ್ಲಿ ತಿಂದಂಗೇ ಅದ," ಎಂದ. ಅವನು ಕಾಶ್ಮೀರದಲ್ಲಿ ಏನು ತಿಂದಿದ್ದನೋ ದೇವರಿಗೇ ಗೊತ್ತು. ನನಗಂತೂ ಕೋಡು ಬಂತು. ಪಕ್ಕದ ಟೇಬಲ್ಲಿನವರಿಗೆ ಆಯಾ ರಾಜ್ಯದ ಮಳೆ, ಮಣ್ಣು, ರಾಜಧಾನಿ ಹೇಳದೆ ನಾನು ಕೈ ತೊಳೆಯುತ್ತಿರಲಿಲ್ಲ. ಕೆಲವರು ನಾನು ಕುಳಿತ ಮೂಲೆ ನೋಡಿ ದೂರ ಕೂರುತ್ತಿದ್ದರು. ಅದು ಗೌರವ ಎಂದುಕೊಂಡಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೊಂದು ಶುಕ್ರವಾರ ಸಾವ್ಕಾರ ಸುದ್ದಿ ತಂದ. ಕಾರ್ಖಾನೆಗೆ ಪಂಜಾಬಿನ ಎಂಜಿನಿಯರ್ ಸಾಹೇಬರೊಬ್ಬರು ಬಂದಿದ್ದಾರೆ, ರವಿವಾರ ಮಧ್ಯಾಹ್ನ ತಾಯಿಯನ್ನೂ ಜೊತೆಯವರನ್ನೂ ಕರೆದುಕೊಂಡು ಊಟಕ್ಕೆ ಬರುತ್ತಾರೆ. ಅವರು ಮೆಚ್ಚಿದರೆ ಕಾಲೊನಿಯ ಎಲ್ಲ ಪಾರ್ಟಿಗಳ ಊಟ ನಮ್ಮದೇ.

"ಮೆಚ್ಚಲಿಲ್ಲಂದ್ರ?" ಎಂದೆ.

"ಹೈದರಾಬಾದಿನ ಅಡಿಗಿ ಮಾಸ್ಟರ್ ಒಬ್ಬನ ಸಂಗಟ ಮಾತಾಡೀನ್ರಿ. ಸೋಮವಾರ ಬಂದು ಬಿಡ್ತಾನ," ಎಂದ ಸಾವ್ಕಾರ, ಕಾಕಾನ ಕಿವಿಗೆ ಬೀಳುವ ಹಾಗೆಯೇ.

ಕಾಕಾ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಸಾವ್ಕಾರ ಹೋದ ಮೇಲೆ, "ಸರ್, ಪಂಜಾಬದಾಗ ಕೆನಿ ಹಾಕ್ತಾರ ಖರೇ ಅಲ್ರಿ? ಈ ಮೊಣಕಾಲ ಕಟಗೊಂಡು ಮತ್ತ ಹೊಲಕ್ಕ ಹೋಗೂದು ನನ್ ಕೈಲಿ ಆಗಂಗಿಲ್ಲ," ಎಂದ. ಹಾಕುತ್ತಾರೆ ಎಂದು ಭರವಸೆ ಕೊಟ್ಟೆ. ಅಂದು ರಾತ್ರಿ ಪುಸ್ತಕ ತೆಗೆದು ನೋಡಿದೆ. ಪಂಜಾಬಿನ ಪುಟದಲ್ಲಿ ಭಾಕ್ರಾ ನಂಗಲ್ ಅಣೆಕಟ್ಟಿನ ಚಿತ್ರವಿತ್ತೇ ಹೊರತು ಭಾಜಿಯ ಸುದ್ದಿ ಇರಲಿಲ್ಲ.

ರವಿವಾರ ಹನ್ನೆರಡೂವರೆಗೆ ಎರಡು ಜೀಪು ಬಂದವು. ತಾಯಿ ಎಪ್ಪತ್ತರ ಆಚೆಯ ಹೆಂಗಸು, ಬಿಳಿ ದುಪಟ್ಟಾ ತಲೆಯ ಮೇಲೆ ಹೊದ್ದಿದ್ದರು. ನೋಡಿದರೆ ನಮ್ಮ ಹೆಡ್‌ಮಾಸ್ತರರೂ ಎದ್ದು ನಿಲ್ಲುವಂಥ ಮುಖ. ವಿವರಣೆ ಬೇಕಾದರೆ ಇರಲಿ ಎಂದು ಸಾವ್ಕಾರ ನನ್ನನ್ನು ಪಕ್ಕದ ಟೇಬಲ್ಲಿನಲ್ಲಿ ಇಸ್ತ್ರಿ ಅಂಗಿಯಲ್ಲಿ ಕೂರಿಸಿದ್ದ.

ಆ ತಾಯಿ ಪಂಜಾಬಿ ಭಾಜಿಯನ್ನು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ನುಂಗಿದರು. ಬಟ್ಟಲನ್ನು ಬದಿಗೆ ಸರಿಸಿದರು. ರಾಜಸ್ಥಾನದ ಮರಳು ಹಲ್ಲಿಗೆ ಸಿಕ್ಕಿತು. ಕಾಶ್ಮೀರದ ಬಟ್ಟಲಿನಿಂದ ಬಾಳೆಹಣ್ಣಿನ ಹೋಳೊಂದನ್ನು ಚಮಚದಲ್ಲಿ ಎತ್ತಿ ಹಿಡಿದು ಮಗನ ಮುಖ ನೋಡಿದರು. ಮಗ ಸಾವ್ಕಾರನ ಮುಖ ನೋಡಿದ. ಸಾವ್ಕಾರ ಕಾಕಾನನ್ನು ಹೊರಗೆ ಕರೆದ. ಟವೆಲಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ ಅವನನ್ನು ಎಂಜಿನಿಯರ್ ಹಿಂದಿಯಲ್ಲಿ ಕೇಳಿದ, ಇದನ್ನೆಲ್ಲ ನಿನಗೆ ಕಲಿಸಿದವರು ಯಾರು ಎಂದು.

ನಾನು ನನ್ನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಯಾರೂ ಕಲಿಸಿಲ್ರಿ ಸಾಹೇಬ್ರ. ನಾನೇ ನನ್ ತಲಿಗಿ ತಿಳದಂಗ ಮಾಡೀನಿ," ಎಂದ ಕಾಕಾ. ಸಾವ್ಕಾರ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ. ನಂತರ ಕನ್ನಡದಲ್ಲಿ ಮೆಲ್ಲಗೆ, "ನಾಳಿಂದ ಬರಬ್ಯಾಡ," ಎಂದ. ಕಾಕಾ ತಲೆಯಾಡಿಸಿ ಒಳಗೆ ಹೋದ. ಬೋಗಾಣಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಆಮೇಲೆ ಗೂಟದಿಂದ ತನ್ನ ಅಂಗಿ ತೆಗೆದುಕೊಳ್ಳುವುದು ಕಂಡಿತು.

ಎಷ್ಟು ಹೊತ್ತು ಹಾಗೇ ಕುಳಿತಿದ್ದೆನೋ, ಮೂರು ನಿಮಿಷವಾದರೂ ಆಗಿರಬೇಕು. ಕೊನೆಗೆ ಎದ್ದೆ. ನನ್ನ ಹಿಂದಿ ಪರೀಕ್ಷೆ ಪಾಸು ಮಾಡಲು ಕಲಿತ ಹಿಂದಿ. "ಮೈಂ ಭೂಗೋಲ್ ಕಾ ಅಧ್ಯಾಪಕ್ ಹೂಂ," ಎಂದು ಶುರುಮಾಡಿದೆ. ಪಂಜಾಬಿನ ಹೈನುಗಾರಿಕೆಯಿಂದ ಹಿಡಿದು ಅಸ್ಸಾಮಿನ ಚಹದವರೆಗೆ ಒಂದೊಂದೇ ರಾಜ್ಯವನ್ನು ಹಲಗೆಯ ಮೇಲೆ ತೋರಿಸುತ್ತ ತಪ್ಪೊಪ್ಪಿಕೊಂಡೆ. ಚಹಕ್ಕೆ ಬರುವಷ್ಟರಲ್ಲಿ ಎಂಜಿನಿಯರ್ ನಕ್ಕು ನಕ್ಕು ನೆತ್ತಿಗೆ ನೀರು ಹತ್ತಿಸಿಕೊಂಡಿದ್ದ. ಬೇರೆ ಟೇಬಲ್ಲುಗಳಲ್ಲಿದ್ದ ನಮ್ಮೂರ ಹಿಂದಿ ಬಲ್ಲವರು ಬಾರದವರಿಗೆ ಅರ್ಥ ಹೇಳುತ್ತಿದ್ದರು. ರಜೆಯ ದಿನವೂ ಚಿಂಚೋಳಿಯಿಂದ ಉಣ್ಣಲು ಬಂದಿದ್ದ ಗುಮಾಸ್ತ ತನ್ನ ಅಸ್ಸಾಮನ್ನು ಅನುಮಾನದಿಂದ ಮೂಸಿ ನೋಡಿದ.

ತಾಯಿ ಮಾತ್ರ ನಗಲಿಲ್ಲ. "ನೀವು ಕಲಿಸದೆ ಇದ್ದಾಗ ಆ ಅಡಿಗೆಯವರು ಏನು ಮಾಡಿ ಉಣ್ಣುತ್ತಾರೆ?" ಎಂದು ಕೇಳಿದರು.

ನಾನು ಒಳಗೆ ಓಡಿದೆ. ಅಂಗಿಯ ಗುಂಡಿ ಹಾಕುತ್ತಿದ್ದ ಕಾಕಾನ ಕೈಹಿಡಿದು, "ನೀವು ಉಣ್ಣೂದು ತರ್ರಿ ಕಾಕಾ, ಅವರು ಕೇಳಾಕತ್ತಾರ," ಎಂದೆ. ಅವನು ನಂಬಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಮೂಲೆಯ ಒಲೆಯ ಪುಂಡಿಪಲ್ಯ, ಎರಡು ರೊಟ್ಟಿ ತಟ್ಟೆಗೆ ಹಾಕಿಕೊಂಡು ಬಂದ. ಆ ತಾಯಿ ರೊಟ್ಟಿ ಮುರಿದು ಪಲ್ಯ ಹಚ್ಚಿ ತಿಂದರು. ತಮ್ಮೂರಲ್ಲೂ ಸೊಪ್ಪನ್ನು ಹೀಗೇ ಕುದಿಸಿ ಕಡೆಯುತ್ತಾರೆ, ರೊಟ್ಟಿ ಮಾತ್ರ ಮೆಕ್ಕೆಜೋಳದ್ದು, ಇದು ಸ್ವಲ್ಪ ಹುಳಿ ಎಂದರು. ಹುಳಿ ಎಂದವರು ಎರಡೂ ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಮುಂದೆ ಮಾಡಿದರು. ಕಾಕಾ ಅಂಗಿಯ ತೋಳು ಮಡಚಿಕೊಂಡು ಹಿಟ್ಟು ನಾದಲು ಓಡಿದ. ಅವನು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಜೀಪುಗಳು ಹೋದ ಮೇಲೆ ಸಾವ್ಕಾರ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಾಳಿ ಜೋಳದ ಹಿಟ್ಟು ಎಷ್ಟ್ ತರಬೇಕು?" ಎಂದು ಕಾಕಾನನ್ನು ಕೇಳಿದ. ಕ್ಷಮೆ ಕೇಳುವುದು ಅವನಿಗೆ ಅಷ್ಟೇ ಬರುತ್ತಿದ್ದುದು.

ಎಲ್ಲರೂ ಹೋದ ಮೇಲೆ ಕಾಕಾ ನನಗೂ ಒಂದು ರೊಟ್ಟಿ ಹಾಕಿದ. ಯಾಕೆ ಹಾಗೆ ಸುಳ್ಳು ಹೇಳಿದಿರಿ, ನನ್ನ ಹೆಸರು ಹೇಳಬಹುದಿತ್ತಲ್ಲ ಎಂದೆ.

"ನನ್ ಕೆಲಸ ಹೋದ್ರ ನಮ್ಮನ್ಯಾಗ ನಾಕ್ ಮಂದಿಗಿ ಗೊತ್ತಾಗ್ತಿತ್ರಿ. ನಿಮ್ ಮಾನ ಹೋದ್ರ, ನಾಳಿ ಸಾಲ್ಯಾಗ ಹುಡುಗುರ ಮುಂದ ಹೆಂಗ್ ನಿಂದರ್ತಿದ್ರಿ ಸರ್? ಉಣ್ರಿ, ಆರ್ತದ," ಎಂದ.

ನಾನು ರೊಟ್ಟಿ ಮುರಿದೆ. ನನ್ನ ಮಾನ ತನ್ನ ಹೊಟ್ಟೆಪಾಡಿಗಿಂತ ದೊಡ್ಡದು ಎಂದು ಅವನು ಎಣಿಸಿದ್ದ. ತಟ್ಟೆ ನೋಡುತ್ತ ಕುಳಿತ ಆ ಮೂರು ನಿಮಿಷ ನಾನೂ ಹಾಗೆಯೇ ಎಣಿಸಿದ್ದೆ.